ಮುಕ್ಕಾಲು ಡಾಕ್ಟರ್

ಅವನನ್ನು ನೋಡುವ ಮೂರು ವರ್ಷ ಮೊದಲೇ ಅವನ ಕೈಬರಹ ಅವಳಿಗೆ ಪರಿಚಯವಿತ್ತು.

ದುಂಡಗಿನ, ಬಿಡಿಬಿಡಿ ಅಕ್ಷರ. 'ಲ'ದ ಕೊನೆಯನ್ನು ಮುಂದಿನ ಅಕ್ಷರದ ನೆತ್ತಿಗೆ ತಾಗುವಷ್ಟು ಎಳೆಯುವ ಅಭ್ಯಾಸ. ಆಸ್ಪತ್ರೆಯೊಂದರ ಏಳು ಲಿಫ್ಟ್‌ಗಳ ದುರಸ್ತಿ ರಿಜಿಸ್ಟರಿನ ಪುಟಗಳನ್ನು ಅವಳು ಫೋಟೊ ತೆಗೆದುಕೊಂಡು, ಒಂದೊಂದೇ ಸಾಲನ್ನು ಕಂಪ್ಯೂಟರಿಗೆ ಇಳಿಸಿದ್ದಳು. ದಿನಾಂಕ, ಲಿಫ್ಟ್ ಸಂಖ್ಯೆ, ಆದ ತೊಂದರೆ, ಕೊನೆಗೆ ಷರಾ. ಸಾಮಾನ್ಯವಾಗಿ ಮೆಕ್ಯಾನಿಕ್‌ಗಳು ಷರಾ ಕಾಲಂ ಖಾಲಿ ಬಿಡುತ್ತಾರೆ. ಈ ಮನುಷ್ಯ ಬಿಡುತ್ತಿರಲಿಲ್ಲ.

'ಮೂರನೆಯದು ಎರಡು ದಿನದಿಂದ ಗೊಣಗುತ್ತಿದೆ. ಕಾರಣ ಹೇಳುತ್ತಿಲ್ಲ.'

'ಐದನೆಯದು ಬಾಗಿಲು ಹಾಕಲು ಮೀನಮೇಷ ಎಣಿಸುತ್ತಿದೆ.'

'ಆರನೆಯದನ್ನು ಸುಮ್ಮನೆ ನೋಡಿ ಬಂದೆ. ಕ್ಷೇಮ. ದುರಸ್ತಿ ಅಗತ್ಯವಿಲ್ಲ.'

ಟೈಪ್ ಮಾಡುತ್ತಾ ಅವಳು ಒಬ್ಬಳೇ ನಗುತ್ತಿದ್ದಳು. ಬರೆದವರಿಗೆ ಐವತ್ತೆಂಟು ವರ್ಷ, ಕನ್ನಡಕಕ್ಕೆ ದಾರ, ನಿವೃತ್ತಿಗೆ ಎರಡು ವರ್ಷ ಬಾಕಿ ಎಂದು ತಾನೇ ತೀರ್ಮಾನಿಸಿಕೊಂಡಿದ್ದಳು.

ಆ ಸೋಮವಾರ ಆಫೀಸಿನ ಬಿಡಿಭಾಗಗಳ ಕೋಣೆಗೆ ಹೋದಾಗ ಕಪಾಟಿನ ಮೇಲೆಲ್ಲ ಹೊಸ ಚೀಟಿ ಅಂಟಿಸಿದ್ದರು. 'ಬೇರಿಂಗ್, ದೊಡ್ಡವು.' 'ಬೇರಿಂಗ್, ಸಣ್ಣವು.' 'ಏನೆಂದು ಗೊತ್ತಿಲ್ಲ, ಎಸೆಯಬೇಡಿ.' ಕೊನೆಯ ಚೀಟಿಯ 'ಲ್ಲ' ನೋಡಿ ಅವಳು ನಿಂತಲ್ಲೇ ನಿಂತಳು.

"ಇದನ್ನ ಬರೆದವರು ಯಾರು?"

"ತಪ್ಪಿದ್ರೆ ನಾನಲ್ಲ," ಎಂದಿತು ಏಣಿಯ ಮೇಲಿನ ದನಿ.

ಮೂವತ್ತೈದು ದಾಟಿರದ ಮನುಷ್ಯ. ಮೊಣಕೈವರೆಗೆ ಮಡಿಚಿದ ತೋಳು, ತುಟಿಯ ನಡುವೆ ಒಂದು ಸ್ಕ್ರೂ. ಮಾತಾಡಲು ಅದನ್ನು ತೆಗೆದು ಕಿವಿಯ ಹಿಂದೆ ಸಿಕ್ಕಿಸಿಕೊಂಡ.

"ಮೂರನೇ ಲಿಫ್ಟು ಕೊನೆಗೂ ಕಾರಣ ಹೇಳ್ತಾ?" ಎಂದು ಕೇಳಿದಳು.

ಅವನು ಒಂದು ಮೆಟ್ಟಿಲು ಇಳಿದ. ಅವಳ ಮುಖ ನೋಡಿದ. ಇನ್ನೊಂದು ಮೆಟ್ಟಿಲು ಇಳಿದ. "ಬ್ರೇಕಿನ ಸ್ಪ್ರಿಂಗು. ಅದನ್ನ ನೀವು ಓದಿದೀರಾ?"

"ಎಲ್ಲಾ ಓದಿದೀನಿ. ಮೂರು ವರ್ಷದ್ದು."

ಅವನ ಕಿವಿ ಕೆಂಪಾಯಿತು. ಸ್ಕ್ರೂ ಸಿಕ್ಕಿಸಿದ್ದ ಕಿವಿ ಸ್ವಲ್ಪ ಹೆಚ್ಚೇ. "ಯಾರೂ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೆ," ಎಂದ.

ಕಂಪನಿ ತಯಾರಿಸುತ್ತಿದ್ದುದು ಅಂಗೈ ಅಗಲದ ಒಂದು ಪೆಟ್ಟಿಗೆ. ಲಿಫ್ಟಿನ ಮೋಟರ್ ಪಕ್ಕದಲ್ಲಿ ಅದನ್ನು ಕೂರಿಸಿದರೆ ಹಗಲೂ ಇರುಳೂ ಸದ್ದು ಕೇಳಿಸಿಕೊಂಡು, ಲಿಫ್ಟ್ ಕೆಡುವ ಎರಡು ದಿನ ಮೊದಲೇ ಎಚ್ಚರಿಸಬೇಕು. ಯಾವ ಸದ್ದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಪೆಟ್ಟಿಗೆಗೆ ಕಲಿಸಿದ ವಿಧಾನ ಅವಳದು. ಆ ಆಸ್ಪತ್ರೆಯ ಮೋಟರುಗಳ ಪಕ್ಕ ಮೂರು ವರ್ಷ ಇಂಥವೇ ಪೆಟ್ಟಿಗೆಗಳನ್ನು ಇಡಿಸಿ, ದಾಖಲಾದ ಸದ್ದನ್ನು ರಿಜಿಸ್ಟರಿಗೆ ಹೋಲಿಸಿ ಕಲಿಸಿದ್ದಳು. ಅದೇ ಅವಳ ಆರು ವರ್ಷದ ಡಾಕ್ಟರೇಟ್ ಸಂಶೋಧನೆ. ಹದಿನಾಲ್ಕು ತಿಂಗಳ ಹಿಂದೆ ಫೆಲೋಶಿಪ್ ಅವಧಿ ಮುಗಿದಾಗ ಪ್ರಬಂಧ ಮುಗಿದಿರಲಿಲ್ಲ. ಅವಳು ಈ ಕಂಪನಿಗೆ ಸೇರಿಕೊಂಡಿದ್ದಳು. ವಿಶ್ವವಿದ್ಯಾಲಯ ಕೊಟ್ಟ ಕೊನೆಯ ಗಡುವಿಗೆ ಇನ್ನು ನಲವತ್ತೊಂದು ದಿನವಿತ್ತು.

ಅವನು ಡಿಪ್ಲೊಮಾ ಓದಿದವನು. ಒಂಬತ್ತು ವರ್ಷ ಅದೇ ಆಸ್ಪತ್ರೆಯ ಲಿಫ್ಟ್ ನೋಡಿಕೊಂಡು, ಹಿಂದಿನ ವಾರವಷ್ಟೇ ಇಲ್ಲಿಗೆ ಟೆಸ್ಟರ್ ಆಗಿ ಬಂದಿದ್ದ.

ಮಾತಿಗೆ ಮಾತು ಬಂದು ಅವನು ಅವಳನ್ನು ಡಾಕ್ಟ್ರೇ ಎಂದ. ಇನ್ನೂ ಆಗಿಲ್ಲ ಎಂದಳು. ಒಟ್ಟು ಎಷ್ಟು ಅಧ್ಯಾಯ ಎಂದು ಕೇಳಿದ. ಎಂಟು, ಆರು ಮುಗಿದಿವೆ ಎಂದಳು.

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಹಾಗಾದ್ರೆ ಮುಕ್ಕಾಲು ಡಾಕ್ಟ್ರು."

ಸಂಜೆಯೊಳಗೆ ಆಫೀಸಿಗೆಲ್ಲ ಅವಳು ಮುಕ್ಕಾಲು ಡಾಕ್ಟರ್ ಆಗಿದ್ದಳು.

*

ಲಿಫ್ಟ್ ಮೆಕ್ಯಾನಿಕ್ ಲಿಫ್ಟ್ ಹತ್ತುತ್ತಿರಲಿಲ್ಲ. ಐದನೇ ಮಹಡಿಯ ಆಫೀಸಿಗೆ ತೊಂಬತ್ತಾರು ಮೆಟ್ಟಿಲು. ದಿನಾ ಹತ್ತಿ ಬರುತ್ತಿದ್ದ. ಭಯವೇ ಎಂದು ಅವಳು ಕೇಳಿದ್ದಕ್ಕೆ, ಒಳಗೆ ಕಾಲಿಟ್ಟರೆ ಕಿವಿ ತಾನಾಗಿ ಡ್ಯೂಟಿಗೆ ಹಾಜರಾಗುತ್ತದೆ, ಬೆಳಿಗ್ಗೆ ಬೆಳಿಗ್ಗೆ ಓವರ್‌ಟೈಮ್ ಬೇಡ ಎಂದಿದ್ದ.

ಆರೋಗ್ಯಕ್ಕೆ ಒಳ್ಳೆಯದು ಎಂದು ಅವಳೂ ಮೆಟ್ಟಿಲು ಹತ್ತತೊಡಗಿದಳು. ಯಾರೂ ಕಾರಣ ಕೇಳದಿದ್ದರೂ ಇಬ್ಬರು ಮೂವರಿಗೆ ತಾನಾಗಿ ಹೇಳಿದಳು.

ಮೂರನೇ ಮಹಡಿಯ ಕಿಟಕಿಯ ಬಳಿ ಅವಳಿಗೆ ಏದುಸಿರು ಬರುತ್ತಿತ್ತು. ಸರಿಯಾಗಿ ಅಲ್ಲೇ ಅವನು ಬೂಟಿನ ಲೇಸ್ ಕಟ್ಟಲು ಬಗ್ಗುತ್ತಿದ್ದ. ಅವಳು ಸುಧಾರಿಸಿಕೊಳ್ಳುವವರೆಗೆ ಕಟ್ಟುತ್ತಲೇ ಇರುತ್ತಿದ್ದ. ಅವನ ಬೂಟಿಗೆ ಲೇಸೇ ಇಲ್ಲ ಎಂಬುದು ಅವಳ ಗಮನಕ್ಕೆ ಬಂದದ್ದು ಎರಡನೇ ವಾರದಲ್ಲಿ. ಗಮನಿಸಿದೆ ಎಂದು ಅವಳು ಹೇಳಲಿಲ್ಲ. ಹೇಳಿದರೆ ನಿಲ್ಲುವುದು ತಪ್ಪುತ್ತದೆ.

ಆ ಕಿಟಕಿಯ ಬಳಿ ಅವಳು ಏನೇನೋ ಹೇಳಿಕೊಂಡಳು. ಅಕ್ಕ ಪ್ರತಿ ಭಾನುವಾರ ಹಾಕುವ ಲೆಕ್ಕ: ನೀನು ಈ ಡಾಕ್ಟರೇಟಿಗೆ ಸೇರಿದ ವರ್ಷ ನನ್ನ ಮಗಳು ಒಂದನೇ ಕ್ಲಾಸು, ಈಗ ಏಳನೆಯದು, ಅವಳು ಎಸ್ಸೆಸ್ಸೆಲ್ಸಿ ಮುಗಿಸುವುದರೊಳಗಾದರೂ ಮುಗಿಸುತ್ತೀಯೋ ಇಲ್ಲವೋ. ಜೊತೆಗೆ ಓದಿ ನೇರ ಕೆಲಸಕ್ಕೆ ಸೇರಿದ ಗೆಳತಿಯ ಕೈಕೆಳಗೆ ಈಗ ಹನ್ನೊಂದು ಜನ. ಇದೇ ಕಂಪನಿಯಲ್ಲಿ ನೂರ ನಲವತ್ತು ಜನರಿದ್ದಾರೆ, ಡಾಕ್ಟರೇಟ್ ಆದವರು ನಾಲ್ವರು; ಅದರಲ್ಲೊಬ್ಬರು ಇರುವುದು ಸೇಲ್ಸ್‌ನಲ್ಲಿ.

"ಮತ್ತೆ ಯಾಕೆ ಶುರು ಮಾಡಿದ್ರಿ?"

"ಕೆಡೋದಕ್ಕೆ ಮುಂಚೆ ಸದ್ದು ಬದಲಾಗುತ್ತಾ ಅನ್ನೋ ಪ್ರಶ್ನೆ ಇಷ್ಟ ಆಯ್ತು."

"ಈಗ?"

ಅವಳು ಸ್ವಲ್ಪ ಯೋಚಿಸಿದಳು. "ಈಗ ಶುರು ಮಾಡಿಬಿಟ್ಟಿದೀನಲ್ಲ ಅಂತ."

ಅವನು ನಗಲಿಲ್ಲ. ಇಲ್ಲದ ಲೇಸಿನ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿದ.

ಆ ವಾರ ಮ್ಯಾನೇಜರ್ ಅವಳನ್ನು ಕರೆದು, ಸಂಶೋಧನಾ ವಿಭಾಗಕ್ಕೆ ಒಬ್ಬ ಮುಖ್ಯಸ್ಥರು ಬೇಕು, ನಿನ್ನ ಹೆಸರು ಕೊಟ್ಟಿದ್ದೇನೆ ಎಂದರು. ಷರತ್ತು ಒಂದೇ. ಆ ಹುದ್ದೆಗೆ ಡಾಕ್ಟರೇಟ್ ಬೇಕು. ಅದು ನಿಜವಾಗಿಯೂ ಬೇಕೇ ಎಂದು ಅವಳು ಕೇಳಿದಳು. ಅವರು ಸ್ವತಃ ಒಂದು ವರ್ಷ ಮಾಡಿ ಬಿಟ್ಟವರು. ಸುಳ್ಳು ಹೇಳುವ ಅಭ್ಯಾಸವೂ ಇರಲಿಲ್ಲ.

"ನನಗೆ ಬೇಡ. ಬ್ರೋಷರ್‌ಗೆ ಬೇಕು," ಎಂದರು. "ಆಸ್ಪತ್ರೆಗೆ ಮಾರೋ ಸಾಮಾನು. ಹೆಸರಿನ ಹಿಂದೆ ಡಾಕ್ಟರ್ ಇದ್ರೆ ಪ್ರಶ್ನೆ ಕಡಿಮೆ ಕೇಳ್ತಾರೆ. ಈ ಗಡುವಿನೊಳಗೆ ಸಲ್ಲಿಸು, ಕುರ್ಚಿ ನಿನ್ನದು. ಇಲ್ಲಾಂದ್ರೆ ಹೊರಗಿನಿಂದ ಯಾರನ್ನಾದ್ರೂ ತರಬೇಕಾಗುತ್ತೆ."

ಅವಳ ಫಲಿತಾಂಶ ಚೆನ್ನಾಗಿತ್ತು. ಮೂರು ವರ್ಷದಲ್ಲಿ ಆ ಆಸ್ಪತ್ರೆಯ ಲಿಫ್ಟ್‌ಗಳು ಕೆಟ್ಟದ್ದು ಮೂವತ್ತಾರು ಸಲ. ಅವಳ ವಿಧಾನ ಮೂವತ್ತೊಂದನ್ನು ಮೊದಲೇ ಹಿಡಿದಿತ್ತು. ತಪ್ಪಿಹೋದ ಐದಕ್ಕೆ ಹವೆಯ ತೇವಾಂಶ ಕಾರಣವಿರಬಹುದು ಎಂದು ಆರನೇ ಅಧ್ಯಾಯದಲ್ಲಿ ಒಂದು ಪ್ಯಾರಾ ಬರೆದಿದ್ದಳು. ಬರೆಯುವಾಗ ಮನಸ್ಸು ಒಪ್ಪಿರಲಿಲ್ಲ. ಆದರೆ ಐದೇ ತಾನೆ.

*

ಗಡುವಿಗೆ ಇಪ್ಪತ್ತಾರು ದಿನವಿದ್ದಾಗ ಇಬ್ಬರೂ ಆ ಆಸ್ಪತ್ರೆಗೆ ಹೋದರು. ಪೆಟ್ಟಿಗೆಯ ಹೊಸ ಮಾದರಿಯನ್ನು ಕೂರಿಸಿ ಪರೀಕ್ಷಿಸಬೇಕಿತ್ತು.

ಮೋಟರ್ ಕೋಣೆ ತಾರಸಿಯ ಮೇಲಿತ್ತು. ಕಬ್ಬಿಣದ ಬಾಗಿಲು, ಗ್ರೀಸಿನ ವಾಸನೆ, ಸಾಲಾಗಿ ಏಳು ಮೋಟರ್. ಅವನು ಒಳಗೆ ಬಂದವನೇ ಪ್ರತಿಯೊಂದರ ಬೆನ್ನ ಮೇಲೂ ಅಂಗೈ ಇಟ್ಟು ಮುಂದೆ ಹೋದ. ಬಹುದಿನದ ಮೇಲೆ ತವರಿಗೆ ಬಂದವರು ಮನೆಯವರನ್ನೆಲ್ಲ ಮಾತಾಡಿಸುವ ಹಾಗೆ. ಅವಳು ಲ್ಯಾಪ್‌ಟಾಪ್ ತೆರೆಯುವುದನ್ನು ಮರೆತು ಆ ಕೈಯನ್ನೇ ನೋಡುತ್ತಿದ್ದಳು.

ಪೆಟ್ಟಿಗೆ ಕೂರಿಸಿದ್ದಾಯಿತು. ಪರದೆಯ ಮೇಲೆ ನಾಲ್ಕನೇ ಲಿಫ್ಟ್‌ಗೆ ಹಸಿರು ಬಣ್ಣ. ಅವನು ಮೋಟರಿಗೆ ಕಿವಿ ಹತ್ತಿರ ತಂದು, ಮುಖ ಸಿಂಡರಿಸಿ, ಜೇಬಿನಿಂದ ನೀಲಿ ಚೌಕಳಿಯ ಬಟ್ಟೆಯೊಂದನ್ನು ತೆಗೆದ. ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆ ಮತ್ತು ಅದರ ಪಟ್ಟಿಯ ನಡುವೆ ತುರುಕಿದ.

ಪರದೆ ಕೆಂಪಾಯಿತು. 'ದೋಷದ ಸಾಧ್ಯತೆ: ಶೇಕಡಾ 94.'

"ನಾಲ್ಕನೆಯದಕ್ಕೆ ಏನಾಯ್ತು?"

"ಏನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದೆ."

"ಈಗ ಏನು ಮಾಡಿದ್ರಿ?"

ಅವನು ಬಟ್ಟೆಯನ್ನು ಎಳೆದು ತೋರಿಸಿದ. ಪರದೆ ಹಸಿರಾಯಿತು.

ಮತ್ತೆ ಇಡಲು ಹೇಳಿದಳು. ಕೆಂಪು. ತೆಗೆಯಲು ಹೇಳಿದಳು. ಹಸಿರು. ಆರು ಸಲ ಹಾಗೇ ಮಾಡಿಸಿದಳು.

ಅವನು ನಿಧಾನವಾಗಿ ವಿವರಿಸಿದ. ಈ ಪೆಟ್ಟಿಗೆಗಳು ಕೂತಲ್ಲೇ ಗುಂಯ್ ಎನ್ನುತ್ತವೆ. ಯಾವುದಾದರೂ ಲಿಫ್ಟಿನ ಮೇಲೆ ಅನುಮಾನ ಬಂದರೆ ಅದರ ಮೋಟರನ್ನು ಸರಿಯಾಗಿ ಕೇಳಿಸಿಕೊಳ್ಳಲು ಆ ಗುಂಯ್ ಅಡ್ಡಿ. ಅದಕ್ಕೆ ಬಟ್ಟೆ ತುರುಕಿ ಅದರ ಬಾಯಿ ಮುಚ್ಚಿಸುತ್ತಿದ್ದ. ಆಸ್ಪತ್ರೆಯಲ್ಲಿ ಲಿಫ್ಟನ್ನು ತಟ್ಟನೆ ನಿಲ್ಲಿಸುವ ಹಾಗಿಲ್ಲ; ಅನುಮತಿ ಸಿಕ್ಕಿ, ಬಿಡಿಭಾಗ ಬಂದು ದುರಸ್ತಿಯಾಗಲು ಎರಡು ದಿನ ಬೇಕು. ಅಲ್ಲಿಯವರೆಗೆ ಬಟ್ಟೆ ಅಲ್ಲೇ ಇರುತ್ತಿತ್ತು. ರಿಜಿಸ್ಟರಿನಲ್ಲಿ ಬರೆಯುತ್ತಿದ್ದುದು ದುರಸ್ತಿಗೆ ನಿಲ್ಲಿಸಿದ ದಿನ. ಅನುಮಾನ ಬಂದ ದಿನವಲ್ಲ.

"ಎರಡು ದಿನ," ಎಂದಳು ಅವಳು.

"ಹೂಂ. ಹೆಚ್ಚುಕಡಿಮೆ." ಅವನಿಗೂ ಈಗ ವಿಷಯ ಹೊಳೆಯುತ್ತಿತ್ತು. ಬಟ್ಟೆ ಹಿಡಿದ ಕೈ ಕೆಳಗಿಳಿಯಿತು. "ಅಂದ್ರೆ ನಿಮ್ಮ ಮಷಿನ್ನು ಲಿಫ್ಟಿನ ಸದ್ದು ಕೇಳ್ತಿರಲಿಲ್ಲ. ಬಟ್ಟೆ ಬಂತು ಅಂದ್ರೆ ಎರಡು ದಿನಕ್ಕೆ ಲಿಫ್ಟ್ ಕೆಡುತ್ತೆ, ಅಷ್ಟೇ ಅದು ಕಲಿತಿದ್ದು. ಮೂರು ವರ್ಷ ಅದು ಕೇಳಿಸಿಕೊಂಡಿದ್ದು ನನ್ನನ್ನ."

ಬೇರೆ ಯಾವ ಹೊತ್ತಿನಲ್ಲಾದರೂ ಆ ಮಾತು ಅವಳಿಗೆ ಇಷ್ಟವಾಗುತ್ತಿತ್ತು. ಆ ಹೊತ್ತಿನಲ್ಲಿ ಅದು ಗೇಲಿಯಂತೆ ಕೇಳಿಸಿತು.

"ಇದು ಬೇರಿಂಗ್ ಬದಲಾಯಿಸಿದ ಹಾಗಲ್ಲ," ಎಂದಳು. "ಆರು ವರ್ಷದ ರಿಸರ್ಚು. ಡಿಪ್ಲೊಮಾದಲ್ಲಿ ಇದನ್ನೆಲ್ಲ ಹೇಳಿಕೊಟ್ಟಿರಲ್ಲ."

ಏಳು ಮೋಟರುಗಳು ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು ಕೇಳಿಸಿತು.

"ಇರಬಹುದು," ಎಂದ ಅವನು. ಬಟ್ಟೆಯನ್ನು ಮಡಿಚಿ ಅವಳ ಚೀಲದ ಮೇಲಿಟ್ಟು, ಕಬ್ಬಿಣದ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಕೆಳಗೆ ಹೋದ.

*

ಭಾನುವಾರ ಬೆಳಿಗ್ಗೆ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಅವಳು ರಿಜಿಸ್ಟರಿನ ಫೋಟೊಗಳನ್ನು ತೆರೆದು ಕುಳಿತಳು. ಅವನು ತಪ್ಪು ಎಂದು ಸಾಧಿಸಬೇಕಿತ್ತು. ಸಾಧಿಸುವುದು ಸುಲಭ. ಬಟ್ಟೆಯೇ ಕಾರಣವಾದರೆ, ತಪ್ಪಿಹೋದ ಆ ಐದು ಸಲ ಬಟ್ಟೆ ಇರಬಾರದು. ಅವನು ದಿನಾ ಡ್ಯೂಟಿಯಲ್ಲಿದ್ದವನು. ಆ ಐದು ಸಲ ಮಾತ್ರ ಬಟ್ಟೆ ಎಲ್ಲಿಗೆ ಹೋಗುತ್ತದೆ?

ಮೊದಲನೆಯದನ್ನು ತೆಗೆದಳು. ಬಲಕ್ಕೆ ವಾಲಿದ, ಒತ್ತೊತ್ತು ಅಕ್ಷರ. ಷರಾ ಖಾಲಿ.

ಎರಡನೆಯದು. ಅದೇ ವಾಲಿದ ಅಕ್ಷರ. ಷರಾ ಖಾಲಿ.

ಐದನೆಯದನ್ನು ತೆರೆಯುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಐದೂ ನಲವತ್ತೈದು ದಿನಗಳ ಒಳಗೆ, ಐದೂ ಬೇರೆಯವರ ಕೈಬರಹ. ಟೈಪ್ ಮಾಡುವಾಗ ಆ ಪುಟಗಳು ಸಪ್ಪೆ ಎನಿಸಿದ್ದು ನೆನಪಿತ್ತು. ಯಾಕೆ ಸಪ್ಪೆ ಎಂದು ಕೇಳಿಕೊಂಡಿರಲಿಲ್ಲ. ನಲವತ್ತಾರನೇ ದಿನ ದುಂಡು ಅಕ್ಷರ ಮರಳಿ ಬಂದಿತ್ತು: 'ಕೈ ಮುರಿದುಕೊಂಡಿದ್ದೆ. ಏಳೂ ಜನ ನನ್ನನ್ನು ನೆನೆಸಿಕೊಂಡ ಹಾಗಿದೆ.'

ಅಕ್ಕ ಎದುರಿನ ಕುರ್ಚಿ ಎಳೆದುಕೊಂಡು, ಅಳುತ್ತಿದ್ದೀಯೋ ನಗುತ್ತಿದ್ದೀಯೋ ಎಂದು ಕೇಳಿದಳು. ಅವಳು ಎಲ್ಲವನ್ನೂ ಹೇಳಿದಳು. ಅಕ್ಕ ಪೂರ್ತಿ ಕೇಳಿ, ಈ ಮೆಕ್ಯಾನಿಕ್ ನೋಡಲು ಹೇಗಿದ್ದಾನೆ ಎಂದು ವಿಚಾರಿಸಿದಳು.

"ಅಕ್ಕಾ, ನನ್ನ ಥೀಸಿಸ್ ಮುಳುಗಿಹೋಗಿದೆ."

"ಅದು ಕೇಳಿಸ್ತು. ನಾನು ಕೇಳಿದ್ದು ಬೇರೆ."

ಸೋಮವಾರ ಮ್ಯಾನೇಜರ್ ಹಣೆ ಒತ್ತಿಕೊಂಡರು. ಅವರು ಕೆಟ್ಟವರಲ್ಲ. ಪ್ರಬಂಧವನ್ನು ಈಗ ಇದ್ದ ಹಾಗೆ ಸಲ್ಲಿಸು, ತಪ್ಪನ್ನು ಆಮೇಲೆ ಪೆಟ್ಟಿಗೆಯಲ್ಲೇ ಸರಿಪಡಿಸೋಣ, ಈ ಉದ್ಯಮದಲ್ಲಿ ಯಾರ ಪ್ರಬಂಧವನ್ನೂ ಯಾರೂ ತೆರೆದು ನೋಡುವುದಿಲ್ಲ ಎಂದರು. ಅದು ಬಹುಪಾಲು ನಿಜವೆಂದು ಅವಳಿಗೂ ಗೊತ್ತಿತ್ತು. ಬೇಡವೆಂದರೆ ಡಾಕ್ಟರೇಟನ್ನೇ ಬಿಟ್ಟುಬಿಡು, ಈಗಿನ ಕೆಲಸಕ್ಕೇನೂ ಧಕ್ಕೆಯಿಲ್ಲ ಎಂದೂ ಸೇರಿಸಿದರು. ಅದೂ ನಿಜ.

ಆದರೆ ಅವಳ ಕಣ್ಣ ಮುಂದೆ ಇದ್ದದ್ದು ಬೇರೊಂದು ಆಸ್ಪತ್ರೆ. ಅಲ್ಲಿ ದುಂಡು ಅಕ್ಷರದವನಿಲ್ಲ, ನೀಲಿ ಬಟ್ಟೆಯಿಲ್ಲ. ಸ್ಟ್ರೆಚರ್ ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ, ಪೆಟ್ಟಿಗೆ ಹಸಿರು ತೋರಿಸುತ್ತಲೇ ಇರುತ್ತದೆ.

"ಅವರಿಲ್ಲದ ಕಟ್ಟಡದಲ್ಲಿ ಇದು ಕಿವುಡು ಸರ್," ಎಂದಳು. "ಅದನ್ನ ಬರೆದು ಸಲ್ಲಿಸಬೇಕು. ಸಮಯ ಬೇಕು."

ಕುರ್ಚಿ ಕಾಯುವುದಿಲ್ಲ ಎಂದು ಮ್ಯಾನೇಜರ್ ಬೇಸರದಿಂದಲೇ ಹೇಳಿದರು. ಹೊಸ ಮಾದರಿಯ ಮಾರಾಟವನ್ನು ಮಾತ್ರ ಅಂದೇ ತಡೆಹಿಡಿದರು.

ಅವಳು ಸಂಶೋಧನೆಯ ಗೈಡ್ ಮೇಡಂಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಆರು ವರ್ಷದಲ್ಲಿ ಅವರು ಹೊಗಳಿದ್ದು ಒಂದೋ ಎರಡೋ ಸಲ. ಆ ಐದನ್ನು ಹುಡುಕಿದ್ದು ನೀನೇ ತಾನೆ ಎಂದು ಕೇಳಿದರು. ಹೌದು ಎಂದಳು. ಹಾಗಿದ್ದರೆ ಆರು ವರ್ಷ ದಂಡವಾಗಿಲ್ಲ, ಆರು ತಿಂಗಳ ವಿಸ್ತರಣೆಗೆ ಪತ್ರ ಬರೆಯುತ್ತೇನೆ, ತೇವಾಂಶದ ಪ್ಯಾರಾ ಮೊದಲು ಕಿತ್ತು ಹಾಕು ಎಂದರು.

*

ಮರುದಿನ ಬೆಳಿಗ್ಗೆ ಅವಳು ಮೂರನೇ ಮಹಡಿಯ ಕಿಟಕಿಯ ಬಳಿ ಮೊದಲೇ ಹೋಗಿ ನಿಂತಳು. ಅವನ ಹೆಜ್ಜೆ ಕೇಳಿಸಿತು. ಅವಳನ್ನು ಕಂಡು ನಿಧಾನವಾಯಿತು.

"ಅವತ್ತು ಡಿಪ್ಲೊಮಾ ಬಗ್ಗೆ ಹೇಳಿದ್ದು ತಪ್ಪು," ಎಂದಳು. ರಾತ್ರಿ ಇದನ್ನು ಉದ್ದವಾಗಿ ಸಿದ್ಧಪಡಿಸಿದ್ದಳು, ಉಳಿದದ್ದು ಇಷ್ಟೇ. "ತಪ್ಪಿಹೋದ ಐದೂ ನಿಮ್ಮ ಕೈ ಮುರಿದಿದ್ದಾಗಿನವು."

"ಗೊತ್ತು. ನಿಮ್ಮ ಪಟ್ಟಿಯಲ್ಲಿ ಅವುಗಳ ತಾರೀಕು ನೋಡಿದ್ದೆ."

"ಗೊತ್ತಿದ್ರೆ ಯಾಕೆ ಹೇಳಲಿಲ್ಲ?"

"ನೀವೇ ಹುಡುಕ್ತೀರಿ ಅಂತ ಗೊತ್ತಿತ್ತು." ಅವನು ಕಿಟಕಿಯ ಹೊರಗೆ ನೋಡಿದ. "ಬೇಜಾರಾಗಿತ್ತು, ಸುಳ್ಳು ಹೇಳಲ್ಲ. ನನ್ನ ಷರಾ ಓದಿ ನಕ್ಕವರು ನೀವೊಬ್ಬರೇ. ನೀವೂ ಹಾಗಂದ್ರಲ್ಲ ಅಂತ."

ಅವಳು ಚೀಲದಿಂದ ಬಟ್ಟೆಯನ್ನು ತೆಗೆದಳು. ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಹಾಕಿತ್ತು.

ಅವನು ಅದನ್ನು ಹಿಡಿದು ನೋಡಿದ. "ಇದಕ್ಕೆ ಇಸ್ತ್ರಿ ಮಾಡಿದೀರಾ? ಒಂಬತ್ತು ವರ್ಷದಲ್ಲಿ ಇದಕ್ಕೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ."

ಅವಳು ನಕ್ಕಳು. ಅವನು ಬಗ್ಗಿ ಲೇಸ್ ಕಟ್ಟಲು ಶುರುಮಾಡಿದ.

"ಆ ಬೂಟಿಗೆ ಲೇಸಿಲ್ಲ," ಎಂದಳು.

"ಯಾವಾಗ ಗೊತ್ತಾಯ್ತು?"

"ಎರಡನೇ ವಾರ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

ಅವಳು ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು. ಇಬ್ಬರೂ ಉಳಿದ ಎರಡು ಮಹಡಿಯನ್ನು ಎಂದಿಗಿಂತ ನಿಧಾನವಾಗಿ ಹತ್ತಿದರು.

ನಾಲ್ಕು ತಿಂಗಳು ಭಾನುವಾರ ಮಧ್ಯಾಹ್ನಗಳನ್ನು ಅವರು ಆ ಮೋಟರ್ ಕೋಣೆಯಲ್ಲಿ ಕಳೆದರು. ಅವನ ಕಿವಿಗೆ ಗೊತ್ತಿದ್ದದ್ದನ್ನು ಅವಳು ಕಾಗದಕ್ಕೆ ಇಳಿಸಬೇಕಿತ್ತು. ಕೆಡುವ ಮೊದಲು ಏನು ಕೇಳಿಸುತ್ತದೆ ಎಂದರೆ ಅವನು ತಲೆ ಕೆರೆದುಕೊಳ್ಳುತ್ತಿದ್ದ. ಬಹಳ ಕಷ್ಟಪಟ್ಟು, ಬ್ರೇಕ್ ಬಿಡುವಾಗ ಒಂದು ಕೂದಲೆಳೆ ತಡವಾಗುತ್ತದೆ, ಮನೆಯಲ್ಲಿ ಮಾತು ಬಿಟ್ಟವರು ಊಟಕ್ಕೆ ಕರೆದಾಗ ಏಳುತ್ತಾರಲ್ಲ, ಹಾಗೆ ಎಂದ. ಅವಳು ಆ ಕೂದಲೆಳೆಯನ್ನು ಅಳೆದಳು. ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ.

ಬಟ್ಟೆಯ ಪ್ರಭಾವವನ್ನೂ ಅಳೆಯಬೇಕಿತ್ತು. ಅವನು ನಾಣ್ಯ ಚಿಮ್ಮಿ, ಬಂದದ್ದಕ್ಕೆ ತಕ್ಕಂತೆ ಬಟ್ಟೆ ಇಡಬೇಕು ಅಥವಾ ಇಡಬಾರದು. ಅದು ಅವಳಿಗೆ ತಿಳಿಯಬಾರದು. ಅವಳು ಗೋಡೆಗೆ ಮುಖ ಮಾಡಿ ಸದ್ದಷ್ಟೇ ದಾಖಲಿಸಬೇಕು.

"ತಿರುಗಬೇಡಿ."

"ತಿರುಗಿಲ್ಲ."

ಗೋಡೆಯ ಮೇಲೆ ಬೆಂಕಿ ಆರಿಸುವ ಸಿಲಿಂಡರಿನ ಗಾಜಿನ ಪೆಟ್ಟಿಗೆಯಿತ್ತು. ಅದರಲ್ಲಿ ಅವನು ಕಾಣುತ್ತಿದ್ದ: ನಾಣ್ಯ ಹಿಡಿಯಲು ಎತ್ತಿದ ಮುಖ, ಅರ್ಧ ತೆರೆದ ಬಾಯಿ, ಕಿವಿಯ ಹಿಂದಿನ ಸ್ಕ್ರೂ. ಇಪ್ಪತ್ತೆರಡನೇ ಸಲ ನಾಣ್ಯ ಹಿಡಿದವನು ಹಾಗೇ ಕತ್ತೆತ್ತಿದ. ಗಾಜಿನಲ್ಲಿ ಇಬ್ಬರ ಕಣ್ಣೂ ಕಲೆತವು. ಅವನು ನಾಣ್ಯವನ್ನು ಕೆಳಗೆ ಬೀಳಿಸಿದ.

ಅವಳು ಪೆನ್ನು ಮುಚ್ಚಿದಳು. "ಇವತ್ತಿನ ಇಪ್ಪತ್ತೆರಡೂ ರದ್ದು."

"ಯಾಕೆ?"

"ನೋಡ್ತಿದ್ದೆ."

"ಬಟ್ಟೆಯನ್ನಾ?"

ಅವಳು ಪುಸ್ತಕದಲ್ಲಿ ಏನೋ ಬರೆದಳು. ಆಮೇಲೆ ಅವನು ಕದ್ದು ಓದಿದ. 'ಪ್ರಯೋಗ ಮಾಡುವವರ ಗಮನ ಬೇರೆಡೆ ಇದ್ದುದರಿಂದ ರದ್ದು.' ಮುಂದಿನ ಭಾನುವಾರ ಅವನು ಗಾಜಿನ ಮೇಲೆ ಹಳೇ ಪತ್ರಿಕೆ ಅಂಟಿಸಿದ. ಅಂಟಿಸುವಾಗ ಇಬ್ಬರಿಗೂ ಸ್ವಲ್ಪ ನಷ್ಟವಾದಂತೆ ಅನಿಸಿತು.

ಹಳೆಯ ಮೂವತ್ತಾರನ್ನೂ ಹೊಸ ವಿಧಾನದಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದು ಹತ್ತೊಂಬತ್ತು. ಮೊದಲಿಗಿಂತ ಹನ್ನೆರಡು ಕಡಿಮೆ. ಆದರೆ ಕೈ ಮುರಿದ ದಿನಗಳ ಐದರಲ್ಲಿ ಮೂರನ್ನು ಅದು ಹಿಡಿದಿತ್ತು. ಪೆಟ್ಟಿಗೆ ಮೊದಲ ಸಲ ಲಿಫ್ಟಿನ ಮಾತು ಕೇಳಿಸಿಕೊಂಡಿತ್ತು.

"ನನ್ನದು ಮೂವತ್ತೊಂದು," ಎಂದ ಅವನು. "ಹಾಗಾದ್ರೆ ಗೆದ್ದಿದ್ದು ನಾನೇ."

"ಅದನ್ನೂ ಬರೆದಿದೀನಿ. ಏಳನೇ ಅಧ್ಯಾಯ, ಮೊದಲನೇ ಸಾಲು."

ಈ ನಡುವೆ ಮುಖ್ಯಸ್ಥರ ಕುರ್ಚಿಗೆ ಹೊರಗಿನಿಂದ ಒಬ್ಬರು ಬಂದರು. ಬಾವಲಿಗಳ ಧ್ವನಿಯ ಮೇಲೆ ಡಾಕ್ಟರೇಟ್ ಮಾಡಿದವರು. ಬ್ರೋಷರ್‌ನಲ್ಲಿ ಅವರ ಹೆಸರು ಚೆನ್ನಾಗಿ ಕಂಡಿತು. ಅವಳಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಅವರು ಅವಳ ಮೇಜಿನ ಬಳಿ ಬಂದು, ಆ ಬಟ್ಟೆಯನ್ನು ಒಮ್ಮೆ ನೋಡಬಹುದೇ ಎಂದು ಕೇಳಿದರು. ಆಮೇಲೆ ಅವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಕಷ್ಟವಾಯಿತು.

ಅಷ್ಟಾಗಿ ಡಾಕ್ಟರೇಟ್ ಬೇಕಿತ್ತಾ ಎಂದು ಅಕ್ಕ ಒಂದು ಭಾನುವಾರ ಫೋನಿನಲ್ಲಿ ಕೇಳಿದಳು. ಕೆಲಸಕ್ಕೆ ಬೇಕಿರಲಿಲ್ಲ ಎಂದಳು ಅವಳು. ಕುರ್ಚಿಗೆ ಬೇಕಿತ್ತು, ಅದು ಹೋಯಿತು. ನನಗೆ ಬೇಕಿತ್ತು ಅನಿಸುತ್ತದೆ. ಹಾಗಿದ್ದರೆ ಸರಿ ಎಂದ ಅಕ್ಕ, ಆ ಇನ್ನೊಂದು ವಿಷಯ ಎಲ್ಲಿಗೆ ಬಂತು ಎಂದಳು. ಅವಳಿಗೆ ತಟ್ಟನೆ ಬೇರೆ ಕೆಲಸ ನೆನಪಾಯಿತು.

*

ಪ್ರಬಂಧ ಸಲ್ಲಿಸುವ ಹಿಂದಿನ ದಿನ ಸಂಜೆ ಅವಳು ಮೂರನೇ ಮಹಡಿಯ ಕಿಟಕಿಯ ಬಳಿ ಅವನನ್ನು ತಡೆದಳು. ಕೈಯಲ್ಲಿ ಒಂದು ಹಾಳೆಯಿತ್ತು.

"ವಿಶ್ವವಿದ್ಯಾಲಯದ ಫಾರಂ. ಇದು ಕರಡು ಪ್ರತಿ. ಹನ್ನೊಂದನೇ ಪ್ರಶ್ನೆಗೆ ಉತ್ತರ ಗೊತ್ತಾಗ್ತಿಲ್ಲ."

ಅವನು ಓದಿದ. 'ಸಂಶೋಧನೆಗೆ ಮಾಹಿತಿ ಅಥವಾ ನೆರವು ನೀಡಿದವರಲ್ಲಿ ಯಾರಾದರೂ ಸಂಶೋಧಕರ ಸಂಬಂಧಿಕರು ಅಥವಾ ಆಪ್ತರು ಆಗಿರುವರೇ? ಹೌದು / ಇಲ್ಲ. ಹೌದು ಎಂದಾದಲ್ಲಿ, ಎಂದಿನಿಂದ? ಷರಾ.'

"ಇದರಲ್ಲಿ ಸುಳ್ಳು ಬರೆಯೋ ಹಾಗಿಲ್ಲ," ಎಂದಳು. ದನಿ ಸಾಮಾನ್ಯವಾಗಿಯೇ ಇತ್ತು. "ಇಲ್ಲ ಅಂತ ಬರೆದ್ರೆ ಸಹಿ ಮಾಡೋಕೆ ನನ್ನಿಂದ ಆಗಲ್ಲ. ಹೌದು ಅಂತ ನಾನೊಬ್ಬಳೇ ಬರೆಯೋಕೂ ಬರಲ್ಲ."

"ಹೌದು ಅಂತ ಬರೆದ್ರೆ ನಿಮ್ಮ ಡಾಕ್ಟರೇಟಿಗೆ ತೊಂದರೆ ಆಗುತ್ತಾ?"

"ಗೈಡ್ ಮೇಡಂ ಅಳತೆಗಳನ್ನ ಇನ್ನೊಬ್ಬರ ಕೈಲಿ ಪರೀಕ್ಷೆ ಮಾಡಿಸಿದಾರೆ. ಎಲ್ಲ ಸರಿ ಇವೆ. ತೊಂದರೆ ಇಲ್ಲ."

"ಇನ್ನೊಬ್ಬರ ಕೈಲಿ ಮಾಡಿಸಿದ್ದು ಯಾಕೆ?"

"ನಾನೇ ಕೇಳ್ಕೊಂಡೆ. ಈ ಪ್ರಶ್ನೆ ಇದೆ ಅಂತ ಎರಡು ತಿಂಗಳಿಂದ ಗೊತ್ತಿತ್ತು."

ಅವನು ಇನ್ನೊಮ್ಮೆ ಓದಿದ. ಎರಡು ಮಹಡಿ ಕೆಳಗೆ ಯಾರೋ ಬಾಗಿಲು ಹಾಕಿದರು. ಅವನು ಪೆನ್ನಿಗೆ ಕೈ ಚಾಚಿದ. ಕಾಗದವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು 'ಹೌದು' ಎಂಬುದರ ಸುತ್ತ ಒಂದು ವೃತ್ತ ಎಳೆದ.

"ದಿನಾಂಕ ಇವತ್ತಿಂದು ಹಾಕಬೇಕಾ?" ಎಂದು ಕೇಳಿದ.

ಅವಳ ದನಿಯಲ್ಲಿ ನಗು ಸೇರಿತ್ತು. "ರಿಜಿಸ್ಟರಲ್ಲಿ ಬರೆಯೋ ದಿನ ಬೇರೆ, ಅನುಮಾನ ಬಂದ ದಿನ ಬೇರೆ ಅಂತ ಒಂದು ಇಡೀ ಅಧ್ಯಾಯ ಬರೆದಿದೀನಿ."

"ಅದೂ ಸರಿ." ಅವನು ಒಂದು ದಿನಾಂಕ ಬರೆದ. ಅದು ಏಣಿಯ ಸೋಮವಾರ. ಬರೆದು ಅವಳ ಮುಖ ನೋಡಿದ. "ನಿಮ್ಮದೂ ಇದೇನಾ?"

ಅವಳು ಪೆನ್ನು ತೆಗೆದುಕೊಂಡು ಅದರ ಕೆಳಗೆ ತನ್ನ ದಿನಾಂಕ ಬರೆದಳು. ಮೂರು ವರ್ಷಕ್ಕೂ ಹಿಂದಿನದು. ಅವನು ಲೆಕ್ಕ ಹಾಕಿ, ಅರ್ಥವಾಗದೆ ಹುಬ್ಬು ಗಂಟಿಕ್ಕಿದ.

"ಮೂರನೆಯದು ಎರಡು ದಿನದಿಂದ ಗೊಣಗುತ್ತಿದೆ," ಎಂದಳು ಮೆಲ್ಲಗೆ. "ಕಾರಣ ಹೇಳುತ್ತಿಲ್ಲ."

ಅವನ ಎರಡೂ ಕಿವಿ ಒಂದೇ ಸಮ ಕೆಂಪಾದವು. ಸ್ವಲ್ಪ ಹೊತ್ತು ಅವನು ಕಾಗದವನ್ನೂ ನೋಡಲಿಲ್ಲ, ಕಿಟಕಿಯನ್ನೂ ನೋಡಲಿಲ್ಲ. ಅವಳನ್ನೇ ನೋಡಿದ. ನಡುವೆ ಗಾಜಿರಲಿಲ್ಲ, ಪತ್ರಿಕೆಯೂ ಇರಲಿಲ್ಲ. ಆಮೇಲೆ ಅವಳ ಕೈಯಿಂದ ಪೆನ್ನನ್ನು ತೆಗೆದುಕೊಂಡ. ಕೈಯನ್ನು ಮಾತ್ರ ವಾಪಸು ಕೊಡಲಿಲ್ಲ.

ಒಂದು ಕೈಯಲ್ಲಿ ಅವಳ ಕೈ ಹಿಡಿದುಕೊಂಡು, ಇನ್ನೊಂದರಲ್ಲಿ, ಅವಳಿಗೆ ಕಣ್ಣುಮುಚ್ಚಿಯೂ ಗುರುತು ಸಿಗುವ ಆ ದುಂಡು ಅಕ್ಷರದಲ್ಲಿ, ಅವಳು ಗಾಜಿಗೆ ಒತ್ತಿ ಹಿಡಿದ ಹಾಳೆಯ ಷರಾ ಕಾಲಂ ಅವನು ತುಂಬಿದ.

'ತಡವಾಗಿ ಗಮನಕ್ಕೆ ಬಂದಿದೆ. ದುರಸ್ತಿ ಅಗತ್ಯವಿಲ್ಲ.'